ಯುದ್ಧವನ್ನು ತೂಗುವವರು ಯಾರು? 2003ರ ಇರಾಕ್ ಯುದ್ಧ ಮತ್ತು ಅಮೆರಿಕದ ಸಂಪ್ರದಾಯವಾದಿಗಳ ನಡುವಣ ನ್ಯಾಯಯುದ್ಧ ವಿವಾದ

2003ರ ಮಾರ್ಚ್ 5 ಬೂದಿ ಬುಧವಾರ. ಅಂದು ಪೋಪ್ ಎರಡನೆಯ ಜಾನ್ ಪಾಲರ ವಿಶೇಷ ದೂತರಾಗಿ ಕಾರ್ಡಿನಲ್ ಪಿಯೋ ಲಾಘಿಯವರು ವಾಷಿಂಗ್ಟನ್ನಿನ ಶ್ವೇತಭವನಕ್ಕೆ ಹೋಗಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರನ್ನು ಕಂಡರು. ಲಾಘಿಯವರು ಆ ನಗರಕ್ಕೆ ಹೊಸಬರಲ್ಲ. 1984ರಲ್ಲಿ ಅಮೆರಿಕವೂ ವ್ಯಾಟಿಕನ್ನೂ ಪೂರ್ಣ ರಾಜತಾಂತ್ರಿಕ ಸಂಬಂಧವನ್ನು ಏರ್ಪಡಿಸಿಕೊಂಡಾಗ ಅಲ್ಲಿ ಪೋಪರ ಮೊದಲ ರಾಯಭಾರಿಯಾದವರು ಅವರೇ. ಬುಷ್ ಕುಟುಂಬಕ್ಕೂ ಹಳೆಯ ಪರಿಚಿತರು. ಶಾಂತಿಯ ದಾರಿಗಳು ಇನ್ನೂ ಮುಚ್ಚಿಲ್ಲವೆಂದೂ, ಬಲಪ್ರಯೋಗದ ನಿರ್ಧಾರವು ವಿಶ್ವಸಂಸ್ಥೆಯ ಚೌಕಟ್ಟಿನೊಳಗೇ ಆಗತಕ್ಕದ್ದೆಂದೂ ಅವರು ತಿಳಿಸಿದರು. ಹದಿನೈದು ದಿನಗಳ ಬಳಿಕ ಬಾಗ್ದಾದಿನ ಮೇಲೆ ಬಾಂಬುಗಳು ಬಿದ್ದವು.

ಈ ಭೇಟಿಯನ್ನು ಸಾಮಾನ್ಯವಾಗಿ ಸರಳವಾದ ಕಥೆಯಾಗಿ ಹೇಳಲಾಗುತ್ತದೆ: ಸಭೆ ಬೇಡವೆಂದಿತು, ಅರಸನು ಕೇಳಲಿಲ್ಲ. ಆದರೆ ಚರಿತ್ರೆಯನ್ನು ಕೂಲಂಕಷವಾಗಿ ನೋಡುವವರಿಗೆ ಅಷ್ಟು ಸುಲಭವಾದ ಚಿತ್ರ ದೊರೆಯುವುದಿಲ್ಲ. ಈ ವಿಷಯದಲ್ಲಿ ಬಿಷಪರ ಮಾತೇ ಅಂತಿಮವೆಂದು ಅರಸನು ಭಾವಿಸಬೇಕಾಗಿಲ್ಲವೆಂದು ವಾದಿಸಿದವರಲ್ಲಿ ದೇವಶಾಸ್ತ್ರಜ್ಞರೂ ಇದ್ದರು. ಅವರು ಸಭೆಯ ವಿರೋಧಿಗಳಲ್ಲ. ಅದೇ ಪೋಪರನ್ನು ಹೃತ್ಪೂರ್ವಕವಾಗಿ ಗೌರವಿಸಿದವರು, ಅವರ ಜೀವನಚರಿತ್ರೆಯನ್ನು ಬರೆದವರು. ಇನ್ನೊಂದು ಕಡೆ, ಯುದ್ಧವನ್ನು ತೀವ್ರವಾಗಿ ವಿರೋಧಿಸಿದವರಲ್ಲಿ ಕೆಲವರು ಶಾಂತಿವಾದಿಗಳೂ ಅಲ್ಲ, ಎಡಪಂಥೀಯರೂ ಅಲ್ಲ; ಅಮೆರಿಕದ ಬಲಪಂಥದ ಹಳೆಯ ಮನೆಯವರು. ಸಂಪ್ರದಾಯವಾದಿಗಳ ಈ ಒಳಜಗಳದಲ್ಲಿ ನ್ಯಾಯಯುದ್ಧದ ಉಪದೇಶವು ಯಾವ ರೀತಿಯಲ್ಲಿ ಬಳಕೆಯಾಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಪದದ ಕುರಿತು ಒಂದು ಮಾತು. ಈ ಉಪದೇಶವನ್ನು ಕೆಲವರು ಕನ್ನಡದಲ್ಲಿ ʻಧರ್ಮಯುದ್ಧʼ ಎಂದು ಕರೆಯುವುದುಂಟು. ಆದರೆ ಆ ಪದ ಒಂದು ಕಡೆ ಕುರುಕ್ಷೇತ್ರವನ್ನೂ ಮತ್ತೊಂದು ಕಡೆ ಮಧ್ಯಯುಗದ ಶಿಲುಬೆ ಯುದ್ಧಗಳನ್ನೂ ನೆನಪಿಗೆ ತರುತ್ತದೆ. ಅಗಸ್ಟೀನನೂ ಅಕ್ವಿನಾಸನೂ ಹೇಳಿದ್ದು ಧರ್ಮಪ್ರಸಾರಕ್ಕಾಗಿ ಮಾಡುವ ಯುದ್ಧವನ್ನಲ್ಲ. ಪಾಪದಿಂದ ಕೆಟ್ಟ ಲೋಕದಲ್ಲಿ ಅನ್ಯಾಯವನ್ನು ತಡೆಯಲು ಬಲವನ್ನು ಬಳಸುವುದು ಯಾವಾಗಲಾದರೂ ಪಾಪವಾಗದೆ ಇರಬಲ್ಲದೇ ಎಂಬ ಪ್ರಶ್ನೆಯನ್ನು. ಆದುದರಿಂದ ʻನ್ಯಾಯಯುದ್ಧʼ ಎಂಬ ಪದವೇ ಮೇಲು.

ಅಮೆರಿಕದ ಸಂಪ್ರದಾಯವಾದಕ್ಕೆ ಯುದ್ಧದ ವಿಷಯದಲ್ಲಿ ಒಂದೇ ಪರಂಪರೆ ಇರಲಿಲ್ಲ. 1821ರ ಜುಲೈ 4ರಂದು ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್ ಮಾಡಿದ ಭಾಷಣವನ್ನು ಹಳೆಯ ಬಲಪಂಥೀಯರು ತಮ್ಮ ಮೂಲಪಾಠವೆಂದು ಎಣಿಸುತ್ತಾರೆ. ಕೊಲ್ಲಲು ರಾಕ್ಷಸರನ್ನು ಹುಡುಕಿಕೊಂಡು ಅಮೆರಿಕವು ಪರದೇಶಗಳಿಗೆ ಹೋಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಓಹಾಯೊ ಪ್ರಾಂತದ ಸೆನೆಟರ್ ರಾಬರ್ಟ್ ಟಾಫ್ಟ್, ಅವರ ಕಾಲದಲ್ಲಿ ರಿಪಬ್ಲಿಕನ್ ಸಂಪ್ರದಾಯವಾದದ ಪ್ರತಿರೂಪವೇ ಆಗಿದ್ದವರು, 1949ರಲ್ಲಿ ನೇಟೋ ಒಪ್ಪಂದದ ವಿರುದ್ಧ ಮತ ಹಾಕಿದರು. ಆ ಒಪ್ಪಂದ ಸೆನೆಟಿನಲ್ಲಿ 82 ಮತಗಳ ಎದುರು 13ರಿಂದ ಅಂಗೀಕೃತವಾಯಿತು. ಟಾಫ್ಟ್ ಆ ಹದಿಮೂವರಲ್ಲಿ ಒಬ್ಬರು. 1955ರಲ್ಲಿ ವಿಲಿಯಂ ಎಫ್. ಬಕ್ಲಿ ʻನ್ಯಾಷನಲ್ ರಿವ್ಯೂʼ ಪತ್ರಿಕೆಯನ್ನು ಆರಂಭಿಸಿದ ಮೇಲೆ ಗಾಳಿ ಬದಲಾಯಿತು. ದೇವರನ್ನು ಅಲ್ಲಗಳೆಯುವ ಸೋವಿಯತ್ ಕಮ್ಯುನಿಸಮ್ಮನ್ನು ಎದುರಿಸಲು ದೊಡ್ಡ ಸೈನ್ಯವೂ ದೂರದೇಶಗಳ ಹೊಣೆಯೂ ಅನಿವಾರ್ಯವೆಂದು ಕಥೋಲಿಕ ಭಕ್ತರಾದ ಬಕ್ಲಿ ನಂಬಿದರು. ಶೀತಲಯುದ್ಧವಿಡೀ ಈ ಒಪ್ಪಂದ ಬಲಪಂಥವನ್ನು ಒಂದಾಗಿ ಹಿಡಿದಿಟ್ಟಿತು.

ಸೋವಿಯತ್ ಒಕ್ಕೂಟ ಕುಸಿದೊಡನೆ ಬೆಸುಗೆ ಬಿಟ್ಟಿತು. 1991ರ ಕೊಲ್ಲಿ ಯುದ್ಧವನ್ನು ರಸೆಲ್ ಕರ್ಕ್ ವಿರೋಧಿಸಿದರು. 1953ರಲ್ಲಿ ʻದಿ ಕನ್ಸರ್ವೇಟಿವ್ ಮೈಂಡ್ʼ ಗ್ರಂಥವನ್ನು ಬರೆದು ಆ ಚಳವಳಿಗೆ ಬೌದ್ಧಿಕ ವಂಶಾವಳಿಯನ್ನು ಒದಗಿಸಿದವರು, ರಾಜಕೀಯ ಸದ್ಗುಣಗಳಲ್ಲಿ ವಿವೇಕವೇ ಮೊದಲನೆಯದೆಂದು ಜೀವನವಿಡೀ ಬರೆದವರು ಅವರು. ಇತ್ತ 1996ರಲ್ಲಿ ವಿಲಿಯಂ ಕ್ರಿಸ್ಟಲ್ ಮತ್ತು ರಾಬರ್ಟ್ ಕೇಗನ್ ʻಫಾರಿನ್ ಅಫೇರ್ಸ್ʼ ಪತ್ರಿಕೆಯಲ್ಲಿ ಬೇರೊಂದು ಹಾದಿಯನ್ನು ತೋರಿದರು: ಲೋಕದ ಮೇಲೆ ಅಮೆರಿಕದ ಹಿತಕಾರಿಯಾದ ಯಜಮಾನಿಕೆ ಇರಬೇಕು, ಅದನ್ನು ಕಾಯ್ದುಕೊಳ್ಳುವುದೇ ವಿದೇಶಾಂಗ ನೀತಿಯ ಗುರಿಯಾಗಬೇಕು. ನವ-ಸಂಪ್ರದಾಯವಾದವೆಂದು ಹೆಸರಾದ ಈ ವಿಚಾರ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಧಿಕಾರದ ಕೋಣೆಗಳನ್ನು ಪ್ರವೇಶಿಸಿತು.

ಭಾಷೆಯೂ ಬದಲಾಯಿತು. 2002ರ ಜನವರಿ 29ರ ವಾರ್ಷಿಕ ಭಾಷಣದಲ್ಲಿ ಬುಷ್ ಅವರು ಇರಾಕ್, ಇರಾನ್, ಉತ್ತರ ಕೊರಿಯಗಳನ್ನು ಕೇಡಿನ ಕೂಟವೆಂದು ಕರೆದರು. ಭಾಷಣದ ಕರಡಿನಲ್ಲಿ ಡೇವಿಡ್ ಫ್ರಮ್ ಬರೆದದ್ದು ʻದ್ವೇಷʼ ಎಂಬ ಪದ. ಅದನ್ನು ʻಕೇಡುʼ ಎಂದು ತಿದ್ದಿದವರು ಸುವಾರ್ತಾ ಸಭೆಯ ಹಿನ್ನೆಲೆಯ ಮೈಕೆಲ್ ಗರ್ಸನ್. ಫ್ರಮ್ ತಾವೇ ಬರೆದ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಸಣ್ಣ ತಿದ್ದುಪಡಿಯಂತೆ ಕಾಣುತ್ತದೆ, ಆದರೆ ದ್ವೇಷವುಳ್ಳವನೊಡನೆ ಸಂಧಾನ ಸಾಧ್ಯ. ಕರ್ತನ ಪ್ರಾರ್ಥನೆಯ ಕೊನೆಯ ಬಿನ್ನಹದಲ್ಲಿ ಬರುವ ಕೇಡಿನೊಡನೆ ಯಾವ ಕ್ರೈಸ್ತನೂ ಸಂಧಾನಕ್ಕೆ ಕುಳಿತುಕೊಳ್ಳುವುದಿಲ್ಲ. ರಾಜನೀತಿಯ ಪ್ರಶ್ನೆಯೊಂದು ಒಂದೇ ಪದದಿಂದ ದೇವಶಾಸ್ತ್ರದ ಪ್ರಶ್ನೆಯಾಯಿತು.

ಸಭೆಗಳ ನಿಲುವು ಹರಿದು ಹಂಚಿಹೋಯಿತು. ಕಥೋಲಿಕ ಬಿಷಪರ ಸಮ್ಮೇಳನದ ಅಧ್ಯಕ್ಷ ವಿಲ್ಟನ್ ಗ್ರೆಗರಿ 2002ರ ಸೆಪ್ಟೆಂಬರಿನಲ್ಲಿಯೇ ಬುಷ್ ಅವರಿಗೆ ಪತ್ರ ಬರೆದು, ಮೊದಲು ತಾವೇ ಏರಿಹೋಗಿ ಮಾಡುವ ಇಂಥ ಯುದ್ಧಕ್ಕೆ ನೈತಿಕ ಆಧಾರ ಕಾಣುತ್ತಿಲ್ಲವೆಂದರು. ಅಧ್ಯಕ್ಷರ ಸ್ವಂತ ಸಭೆಯಾದ ಯುನೈಟೆಡ್ ಮೆಥಡಿಸ್ಟ್ ಸಭೆಯ ಮುಖಂಡರೂ ವಿರೋಧಿಸಿದರು. ಆದರೆ ಅಕ್ಟೋಬರ್ 3ರಂದು ಸದರ್ನ್ ಬ್ಯಾಪ್ಟಿಸ್ಟ್ ಸಭೆಯ ನೈತಿಕ ವಿಚಾರಗಳ ಆಯೋಗದ ಅಧ್ಯಕ್ಷ ರಿಚರ್ಡ್ ಲ್ಯಾಂಡ್, ಚಾರ್ಲ್ಸ್ ಕೋಲ್ಸನ್, ಬಿಲ್ ಬ್ರೈಟ್ ಮೊದಲಾದ ಐವರು ಸಹಿ ಹಾಕಿದ ಪತ್ರವೊಂದು ಶ್ವೇತಭವನವನ್ನು ತಲಪಿತು. ನ್ಯಾಯಯುದ್ಧದ ನಿಬಂಧನೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಇರಾಕಿನ ವಿಷಯದಲ್ಲಿ ಅವೆಲ್ಲ ಪೂರೈಸಿವೆ ಎಂದು ಅದು ತೀರ್ಪಿತ್ತಿತ್ತು. ಅದೇ ತಿಂಗಳು ಯುದ್ಧಾಧಿಕಾರದ ನಿರ್ಣಯ ಪ್ರತಿನಿಧಿ ಸಭೆಯಲ್ಲಿ 296 ಮತಗಳ ಎದುರು 133ರಿಂದಲೂ ಸೆನೆಟಿನಲ್ಲಿ 77ರ ಎದುರು 23ರಿಂದಲೂ ಗೆದ್ದಿತು. ಬೇಡವೆಂದ ರಿಪಬ್ಲಿಕನ್ನರು ಕೆಳಮನೆಯಲ್ಲಿ ಆರು ಮಂದಿ, ಮೇಲ್ಮನೆಯಲ್ಲಿ ಒಬ್ಬರು.

ಲ್ಯಾಂಡ್ ಪತ್ರಕ್ಕಿಂತಲೂ ಆಳವಾದ ವಾದವನ್ನು ಮಂಡಿಸಿದ್ದು ನ್ಯೂಯಾರ್ಕಿನ ʻಫಸ್ಟ್ ಥಿಂಗ್ಸ್ʼ ಮಾಸಪತ್ರಿಕೆ. 1990ರಲ್ಲಿ ಅದನ್ನು ಸ್ಥಾಪಿಸಿದ ರಿಚರ್ಡ್ ಜಾನ್ ನ್ಯೂಹಾಸ್ ಅವರ ಬದುಕೇ ಒಂದು ಅಧ್ಯಾಯ. 1960ರ ದಶಕದಲ್ಲಿ ಅವರು ಬ್ರೂಕ್ಲಿನ್ನಿನ ಬಡ ಕಪ್ಪುಜನರ ಲೂಥರನ್ ಸಭೆಯೊಂದರ ಪಾಲಕರು. ಯೆಹೂದ್ಯ ಗುರು ಅಬ್ರಹಾಂ ಹೆಶೆಲ್, ಯೇಸುಸಭೆಯ ಡೇನಿಯಲ್ ಬೆರಿಗನ್ ಇವರೊಡಗೂಡಿ ವಿಯೆಟ್ನಾಂ ಯುದ್ಧದ ವಿರುದ್ಧ ಪಾಲಕರ ಸಂಘಟನೆಯೊಂದನ್ನು ಕಟ್ಟಿ ಬೀದಿಗಿಳಿದವರು. ಅನಂತರ ಬಲಕ್ಕೆ ಸರಿದು, 1990ರಲ್ಲಿ ಕಥೋಲಿಕ ಸಭೆಯನ್ನು ಸೇರಿ ಮರುವರ್ಷ ಗುರುದೀಕ್ಷೆ ಪಡೆದರು. ಹೀಗೆ ಸರ್ಕಾರವು ಯುದ್ಧದ ಕುರಿತು ಹೇಳುವುದನ್ನು ನಂಬಬಾರದೆಂದು ಒಂದು ಕಾಲದಲ್ಲಿ ಸಾರಿದ ವ್ಯಕ್ತಿ, ನ್ಯಾಯವಾದ ಯುದ್ಧವು ಆಯ್ಕೆಯಲ್ಲ, ಹೊರಿಸಲ್ಪಟ್ಟ ಕರ್ತವ್ಯ ಎಂಬರ್ಥದ ಮಾತನ್ನು 2003ರಲ್ಲಿ ಆಡಿದರು. ಇದನ್ನು ಅವಕಾಶವಾದವೆನ್ನುವುದು ಅನ್ಯಾಯ. ಅಮೆರಿಕದ ಪ್ರಜಾಪ್ರಭುತ್ವದಲ್ಲಿ ದೇವರ ಪರಾಮರಿಕೆಯ ಕೈಯಿದೆ ಎಂಬ ನಂಬಿಕೆ ಅವರಲ್ಲಿ ಪ್ರಾಮಾಣಿಕವಾಗಿಯೇ ಬೆಳೆದಿತ್ತು. ಪತ್ರಿಕೆಯ ಒಳಗೂ ಇದಕ್ಕೆ ಬೆಲೆ ತೆರಬೇಕಾಯಿತು: ಶಾಂತಿವಾದಿ ದೇವಶಾಸ್ತ್ರಜ್ಞ ಸ್ಟ್ಯಾನ್ಲಿ ಹಾವರ್‌ವಾಸ್ ಅದರ ಸಂಪಾದಕ ಮಂಡಳಿಯನ್ನು ತೊರೆದರು.

2003ರ ಜನವರಿ ಸಂಚಿಕೆಯಲ್ಲಿ ಜಾರ್ಜ್ ವೈಗಲ್ ಬರೆದ ಪ್ರಬಂಧ ಈ ಪಕ್ಷದ ಮುಖ್ಯ ದಾಖಲೆ. ಅವರ ವಾದಕ್ಕೆ ಎರಡು ಕವಲು. ಮೊದಲನೆಯದು ಚಾರಿತ್ರಿಕ: ಅಮೆರಿಕದ ಕಥೋಲಿಕ ಬಿಷಪರು 1983ರ ಶಾಂತಿಪತ್ರದಲ್ಲಿ ನ್ಯಾಯಯುದ್ಧದ ಉಪದೇಶವು ಯುದ್ಧವಿರೋಧಿ ಪೂರ್ವಗ್ರಹದಿಂದ ಆರಂಭವಾಗುತ್ತದೆಂದು ಕಲಿಸಿದ್ದು ಸರಿಯಲ್ಲ, ಅದು ಆರಂಭವಾಗುವುದು ಪ್ರಜೆಗಳನ್ನು ರಕ್ಷಿಸಬೇಕಾದ ಅರಸನ ಕರ್ತವ್ಯದಿಂದ. ಎರಡನೆಯದು ಅಧಿಕಾರದ ಪ್ರಶ್ನೆ: ನಿಬಂಧನೆಗಳು ಈಡೇರಿವೆಯೇ ಎಂಬ ಅಂತಿಮ ತೀರ್ಮಾನ ರಾಜ್ಯಭಾರ ಹೊತ್ತವರದು, ಏಕೆಂದರೆ ರಾಜಕೀಯ ವಿವೇಚನೆಯ ಕೃಪಾವರವೊಂದು ಅವರ ಕರೆಗೇ ಸೇರಿದ್ದು, ಅದು ಬಿಷಪರಿಗಾಗಲಿ ಇತರ ಧರ್ಮಗುರುಗಳಿಗಾಗಲಿ ಹಂಚಿಕೆಯಾದದ್ದಲ್ಲ. ಮರು ತಿಂಗಳು ಮೈಕೆಲ್ ನೊವಾಕ್, ವ್ಯಾಟಿಕನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜಿಮ್ ನಿಕಲ್ಸನ್ ಅವರ ಆಹ್ವಾನದಿಂದ ರೋಮಿಗೆ ಹೋಗಿ ಇದೇ ದಿಕ್ಕಿನ ವಾದವನ್ನು ಮಂಡಿಸಿದರು. ಆಧಾರವಾಗಿ ಕಥೋಲಿಕ ಧರ್ಮೋಪದೇಶ ಗ್ರಂಥದ 2309ನೆಯ ಪರಿಚ್ಛೇದವೂ ಅವರ ಕೈಯಲ್ಲಿತ್ತು. ನಿಬಂಧನೆಗಳನ್ನು ಅಳೆಯುವ ಹೊಣೆ ಸಾರ್ವಜನಿಕ ಹಿತದ ಜವಾಬ್ದಾರಿ ಹೊತ್ತವರ ವಿವೇಕಕ್ಕೆ ಸೇರಿದ್ದೆಂದು ಅದರಲ್ಲಿ ಹೇಳಿರುವುದು ನಿಜವೇ. ಆದರೆ ಅದೇ ಗ್ರಂಥದಲ್ಲಿ, ಬರಬಹುದಾದ ಅಪಾಯವನ್ನು ಮುಂದಾಗಿ ಹೊಸಕಲು ಮಾಡುವ ಯುದ್ಧವೆಂಬ ಪರಿಕಲ್ಪನೆಯೇ ಇಲ್ಲವೆಂದು ಕಾರ್ಡಿನಲ್ ಯೋಸೆಫ್ ರಾಟ್ಸಿಂಗರ್ 2002ರ ಸೆಪ್ಟೆಂಬರಿನಲ್ಲಿ ನೆನಪಿಸಿದ್ದರು.

ಇದೇ ವೇಳೆಗೆ ಹಳೆಯ ಬಲಪಂಥವು ಬೇರೊಂದು ವೇದಿಕೆಯನ್ನು ಕಟ್ಟಿಕೊಂಡಿತ್ತು. 2002ರ ಶರತ್ಕಾಲದಲ್ಲಿ ಪ್ಯಾಟ್ರಿಕ್ ಬುಕ್ಯಾನನ್ ಮತ್ತು ಸಂಗಡಿಗರು ʻದಿ ಅಮೆರಿಕನ್ ಕನ್ಸರ್ವೇಟಿವ್ʼ ಪತ್ರಿಕೆಯನ್ನು ಆರಂಭಿಸಿ ಯುದ್ಧವನ್ನು ವಿರೋಧಿಸತೊಡಗಿದರು. ಅವರ ಕಾರಣಗಳೆಲ್ಲ ಶುದ್ಧವಾಗಿದ್ದವೆನ್ನಲಾಗದು. ಯುದ್ಧದ ಹಿಂದೆ ಇಸ್ರೇಲಿನ ಹಿತೈಷಿಗಳ ಗುಂಪಿದೆಯೆಂಬ ಬುಕ್ಯಾನನ್‌ರ ಲೇಖನ ಯೆಹೂದ್ಯರ ಕುರಿತಾದ ಹಳೆಯ ಸಂದೇಹದ ವಾಸನೆಯಿಂದ ಮುಕ್ತವಾಗಿರಲಿಲ್ಲ. ಯೆಹೂದ್ಯ ದ್ವೇಷದ ದೀರ್ಘ ಪಾಪವನ್ನು ಬಲ್ಲ ಸಭೆ ಅದನ್ನು ಉಪೇಕ್ಷಿಸಲಾಗದು. ಆದರೆ ಅವರಿಗೆ ದೊರೆತ ಉತ್ತರ ವಾದವಾಗಿರಲಿಲ್ಲ, ಬಹಿಷ್ಕಾರವಾಗಿತ್ತು. ಯುದ್ಧ ಆರಂಭವಾದ ದಿನಗಳಲ್ಲಿಯೇ ʻನ್ಯಾಷನಲ್ ರಿವ್ಯೂʼ ಪತ್ರಿಕೆ ಫ್ರಮ್ ಅವರ ಲೇಖನವನ್ನು ಮುಖಪುಟದಲ್ಲಿ ಪ್ರಕಟಿಸಿ, ಯುದ್ಧವಿರೋಧಿ ಸಂಪ್ರದಾಯವಾದಿಗಳನ್ನು ದೇಶಭಕ್ತಿಯಿಲ್ಲದವರೆಂದು ಕರೆದು ಅವರಿಗೆ ಬೆನ್ನು ತಿರುಗಿಸುವುದಾಗಿ ಘೋಷಿಸಿತು. ಬೆನ್ನು ತಿರುಗಿಸಲ್ಪಟ್ಟವರಲ್ಲಿ ಹಿರಿಯ ಅಂಕಣಕಾರ ರಾಬರ್ಟ್ ನೊವಾಕ್ ಒಬ್ಬರು. ಯೆಹೂದ್ಯ ಮನೆತನದಲ್ಲಿ ಹುಟ್ಟಿ 1998ರಲ್ಲಿ ಕಥೋಲಿಕರಾದವರು. ಇಬ್ಬರು ನೊವಾಕರು, ಒಂದೇ ಸಭೆಯ ಪಂಕ್ತಿಯಲ್ಲಿ ಕುಳಿತವರು, ಎದುರುಬದುರಾಗಿ ನಿಂತರು.

ಈಗ ದೇವಶಾಸ್ತ್ರದ ಪ್ರಶ್ನೆಗೆ ಬರೋಣ. ವೈಗಲ್ ಅವರ ಮೊದಲ ಮಾತಿನಲ್ಲಿ ಹುರುಳಿದೆ. ಅಕ್ವಿನಾಸನು ʻಸುಮ್ಮಾʼ ಗ್ರಂಥದ ಎರಡನೆಯ ಭಾಗದ ಉತ್ತರಾರ್ಧದಲ್ಲಿ, 40ನೆಯ ಪ್ರಶ್ನೆಯಾಗಿ ಯುದ್ಧವನ್ನು ವಿಚಾರಿಸುವಾಗ ಮೂರು ನಿಬಂಧನೆಗಳನ್ನು ಇಡುತ್ತಾನೆ: ಅರಸನ ಅಧಿಕಾರ, ನ್ಯಾಯವಾದ ಕಾರಣ, ಸರಿಯಾದ ಉದ್ದೇಶ. ʻಪೂರ್ವಗ್ರಹʼ ಎಂಬ ಪದ ಅಲ್ಲಿಲ್ಲ. ಆದರೆ ಆ ಪ್ರಶ್ನೆ ಗ್ರಂಥದಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನು ನೋಡಬೇಕು. ಅದು ನ್ಯಾಯದ ಪ್ರಕರಣದಲ್ಲಿಲ್ಲ. ಪ್ರೀತಿಯ ಪ್ರಕರಣದಲ್ಲಿ, ಪ್ರೀತಿಗೆ ವಿರುದ್ಧವಾದ ಪಾಪಗಳ ಸಾಲಿನಲ್ಲಿದೆ. ವಿಚಾರಣೆ ಆರಂಭವಾಗುವುದೂ ಯುದ್ಧಮಾಡುವುದು ಯಾವಾಗಲೂ ಪಾಪವೇ ಎಂಬ ಪ್ರಶ್ನೆಯಿಂದ. ಅಗಸ್ಟೀನನು ʻದೇವರ ಪಟ್ಟಣʼದ 19ನೆಯ ಪುಸ್ತಕದಲ್ಲಿ, ಜ್ಞಾನಿಯಾದವನು ನ್ಯಾಯಯುದ್ಧದ ಅನಿವಾರ್ಯತೆಗಾಗಿಯೂ ಶೋಕಿಸುವನೆಂದು ಬರೆದಿದ್ದಾನೆ. ಕರ್ತವ್ಯದ ಭಾಷೆ ಅಲ್ಲಿ ಇದೆ, ಅದಕ್ಕೆ ಅಂಟಿಕೊಂಡೇ ಶೋಕದ ಭಾಷೆಯೂ ಇದೆ. 2003ರ ಬರಹಗಳಲ್ಲಿ ಮೊದಲನೆಯದು ಉಳಿದು ಎರಡನೆಯದು ಬಹುಮಟ್ಟಿಗೆ ಮರೆಯಾಯಿತು.

ಎರಡನೆಯ ವಾದವಂತೂ ನಿಲ್ಲುವುದಿಲ್ಲ. ಅದನ್ನು ನೇರವಾಗಿ ಎದುರಿಸಿದವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್. 2003ರ ಅಕ್ಟೋಬರಿನಲ್ಲಿ ಲಂಡನ್ನಿನ ಚಾಟಮ್ ಹೌಸಿನಲ್ಲಿ ಮಾತನಾಡುತ್ತ ಅವರು, ರಾಜಕೀಯ ನಾಯಕತ್ವದೊಡನೆ ತಾನಾಗಿ ಬರುವ ಕೃಪಾವರವೆಂಬುದೊಂದು ಇಲ್ಲವೆಂದು ತೋರಿಸಿದರು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 12ನೆಯ ಅಧ್ಯಾಯವನ್ನು ಬಲ್ಲ ಯಾರಿಗೂ ಇದು ಸ್ಪಷ್ಟವಾಗಬೇಕು. ಕೃಪಾವರಗಳು ಕ್ರಿಸ್ತನ ದೇಹದ ಕಟ್ಟುವಿಕೆಗಾಗಿ ಆತ್ಮನು ಹಂಚುವಂಥವು, ಪದವಿಗೆ ಅಂಟಿದ ಭತ್ಯೆಗಳಲ್ಲ. ಇವರಿಬ್ಬರ ವಾದವಿವಾದ 2004ರ ಮಾರ್ಚಿನಲ್ಲಿ ʻಫಸ್ಟ್ ಥಿಂಗ್ಸ್ʼನಲ್ಲೇ ಪ್ರಕಟವಾಯಿತು. ಎದುರಾಳಿಗೆ ತನ್ನ ಪುಟಗಳನ್ನು ತೆರೆದ ಆ ಪತ್ರಿಕೆಯ ಔದಾರ್ಯವನ್ನು ಇಲ್ಲಿ ಹೇಳದೆ ಹೋಗಬಾರದು.

ವಿಲಿಯಮ್ಸರ ಮಾತಿಗೆ ಇನ್ನೊಂದನ್ನು ಸೇರಿಸಬಹುದು. ತೀರ್ಪು ಅರಸನ ವಿವೇಕಕ್ಕೆ ಸೇರಿದ್ದೆಂದು ಒಪ್ಪಿಕೊಂಡರೂ, ಅಕ್ವಿನಾಸನ ಪ್ರಕಾರ ವಿವೇಕವೆಂದರೇನು? 49ನೆಯ ಪ್ರಶ್ನೆಯಲ್ಲಿ ಅವನು ವಿವೇಕದ ಅಂಗಗಳನ್ನು ಎಣಿಸುವಾಗ ಮೊದಲು ಇಡುವುದು ಸ್ಮೃತಿಯನ್ನು, ನಡೆದುಹೋದದ್ದರ ನೆನಪನ್ನು. ಸ್ವಲ್ಪ ಮುಂದೆ ಬರುವುದು ಇತರರಿಂದ ಕಲಿಯುವ ಮನಸ್ಸು. ವಿವೇಕದ ವಿಷಯಗಳಲ್ಲಿ ಯಾರೊಬ್ಬನೂ ಸ್ವಯಂಪೂರ್ಣನಲ್ಲ, ಹಿರಿಯ ಸ್ಥಾನದಲ್ಲಿರುವವರೂ ಕಲಿಯಬೇಕಾದವರೇ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಅಂದರೆ, ಯುದ್ಧದ ತೀರ್ಮಾನ ನಿಮ್ಮ ವಿವೇಕಕ್ಕೆ ಬಿಟ್ಟದ್ದು ಎಂದು ಅರಸನಿಗೆ ಹೇಳುವುದು ಅವನನ್ನು ಸಲಹೆಯಿಂದ ಬಿಡುಗಡೆ ಮಾಡುವುದಲ್ಲ. ಸಲಹೆ ಕೇಳುವ ಹೊಣೆಯನ್ನು ಹೊರಿಸುವುದು. ವಿವೇಕವೇ ಮೊದಲ ಸದ್ಗುಣವೆಂದ ಕರ್ಕ್ ಅವರ ಪರಂಪರೆಗೆ ಇದು ಪರಕೀಯವಾದ ಮಾತಲ್ಲ. ಬೂದಿ ಬುಧವಾರದಂದು ಬಂದ ವೃದ್ಧ ಕಾರ್ಡಿನಲ್‌ರನ್ನು ಆಲಿಸುವುದು ಅಧ್ಯಕ್ಷರ ಸೌಜನ್ಯವಾಗಿರಲಿಲ್ಲ, ಅವರ ವಿವೇಕದ ಒಂದು ಅಂಗವಾಗಿತ್ತು.

ಸ್ಮೃತಿ ಏನನ್ನು ಹೇಳುತ್ತಿತ್ತು? 1917ರಲ್ಲಿ ಬ್ರಿಟಿಷರು ಬಾಗ್ದಾದನ್ನು ಹಿಡಿದರು. 1920ರಲ್ಲಿ ದೇಶ ದಂಗೆಯೆದ್ದಿತು. ಬ್ರಿಟಿಷರು ಅಲ್ಲಿಯ ಅಸ್ಸೂರ್ಯ ಕ್ರೈಸ್ತರನ್ನು ತಮ್ಮ ದಳಗಳಲ್ಲಿ ಸಿಪಾಯಿಗಳಾಗಿ ಸೇರಿಸಿಕೊಂಡರು. 1932ರಲ್ಲಿ ಅವರ ಆಡಳಿತಾಧಿಕಾರ ಮುಗಿಯಿತು. ಮರುವರ್ಷದ ಆಗಸ್ಟಿನಲ್ಲಿ ಸಿಮೆಲೆ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಇರಾಕಿ ಸೈನ್ಯ ಅಸ್ಸೂರ್ಯ ಕ್ರೈಸ್ತರ ಹತ್ಯಾಕಾಂಡ ನಡೆಸಿತು. ಹೊರಗಿನ ಕ್ರೈಸ್ತ ದೇಶವೊಂದು ಬಂದು ಹೋದ ಮೇಲೆ ಒಳಗಿನ ಕ್ರೈಸ್ತರಿಗೆ ಏನಾಗುತ್ತದೆಂಬುದು ಊಹೆಯ ಸಂಗತಿಯಾಗಿರಲಿಲ್ಲ. ಎಪ್ಪತ್ತು ವರ್ಷಗಳ ಹಿಂದಿನ, ಬರೆದಿಟ್ಟ ಚರಿತ್ರೆಯಾಗಿತ್ತು.

ಬಲಪಂಥದೊಳಗೆ ಪಶ್ಚಾತ್ತಾಪವೂ ಕಾಣಿಸಿಕೊಂಡಿತು, ಅದೂ ಬೇಗನೆ. ಯುದ್ಧಕ್ಕೆ ಕಾರಣವೆಂದು ಹೇಳಲಾದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲಿಲ್ಲ. ಈಗ ತಿಳಿದಿರುವುದು ಆಗ ತಿಳಿದಿದ್ದರೆ ವಿರೋಧಿಸುತ್ತಿದ್ದೆನೆಂದು ಬಕ್ಲಿ 2004ರಲ್ಲಿಯೇ ಹೇಳಿದರು. 2006ರ ಫೆಬ್ರವರಿಯಲ್ಲಿ ತಮ್ಮ ಅಂಕಣದಲ್ಲಿ ಅಮೆರಿಕದ ಉದ್ದೇಶ ಸೋತಿದೆಯೆಂದು ಬರೆದರು. ಉತ್ತರ ಕ್ಯಾರೊಲೈನದ ರಿಪಬ್ಲಿಕನ್ ಪ್ರತಿನಿಧಿ ವಾಲ್ಟರ್ ಜೋನ್ಸ್ ಯುದ್ಧಕ್ಕೆ ಮತ ಹಾಕಿದವರು. ಯುದ್ಧಕ್ಕೆ ಒಪ್ಪದ ಫ್ರಾನ್ಸಿನ ಮೇಲಿನ ಸಿಟ್ಟಿನಿಂದ ಸಂಸತ್ತಿನ ಉಪಾಹಾರಗೃಹದಲ್ಲಿ ʻಫ್ರೆಂಚ್ ಫ್ರೈಸ್ʼ ಹೆಸರನ್ನು ʻಫ್ರೀಡಂ ಫ್ರೈಸ್ʼ ಎಂದು ಬದಲಾಯಿಸಲು ಒತ್ತಾಯಿಸಿದವರೂ ಅವರೇ. ಅದೇ ವಸಂತದಲ್ಲಿ ತಮ್ಮ ಕ್ಷೇತ್ರದ ಸೈನಿಕನೊಬ್ಬನ ಶವಸಂಸ್ಕಾರಕ್ಕೆ ಹೋಗಿಬಂದ ಮೇಲೆ ಅವರ ಮನಸ್ಸು ತಿರುಗತೊಡಗಿತು. 2005ರಿಂದ ಅವರು ಬಹಿರಂಗವಾಗಿ ಯುದ್ಧವನ್ನು ವಿರೋಧಿಸಿದರು. ಸತ್ತ ಸೈನಿಕರ ಮನೆಯವರಿಗೆ ಅವರು ಸಹಿ ಹಾಕಿ ಕಳುಹಿಸಿದ ಪತ್ರಗಳು 12,000ಕ್ಕೂ ಹೆಚ್ಚು. ಕಥೋಲಿಕರಾಗಿದ್ದ ಅವರು ಅದನ್ನು ತಮ್ಮ ಪ್ರಾಯಶ್ಚಿತ್ತವೆಂದೇ ಭಾವಿಸಿದ್ದರು. 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಮತಕ್ಕಾಗಿ ದುಃಖಿಸುತ್ತಿದ್ದರು.

ಆದರೂ ಈ ಪಶ್ಚಾತ್ತಾಪದ ಬಹುಭಾಗ ಅಮೆರಿಕದ ನಷ್ಟದ ಲೆಕ್ಕವನ್ನೇ ಹಿಡಿದಿದೆ. ಎರಡು ಪಕ್ಷಗಳ ವಾದದಲ್ಲಿಯೂ ಅಂಚಿನಲ್ಲೇ ಉಳಿದವರು ಇರಾಕಿನ ಜನರು, ಅವರೊಳಗೆ ಇರಾಕಿನ ಸಭೆ. ಅದು ದಕ್ಷಿಣ ಭಾರತದ ಸಭೆಗಳಿಗೆ ಅಪರಿಚಿತವಲ್ಲ; 1599ರ ಉದಯಂಪೇರೂರು ಧರ್ಮಸಭೆಗೆ ಮುಂಚೆ ಮಲಬಾರಿನ ತೋಮ ಕ್ರೈಸ್ತರಿಗೆ ಬಿಷಪರು ಬರುತ್ತಿದ್ದದ್ದು ಮೆಸೊಪೊತಾಮ್ಯದ ಆ ಸುರಿಯಾನಿ ಸಭೆಯಿಂದಲೇ. 1987ರ ಜನಗಣತಿಯಲ್ಲಿ ಇರಾಕಿನ ಕ್ರೈಸ್ತರು ಸುಮಾರು 14 ಲಕ್ಷ ಎಂದು ಹೇಳಲಾಗುತ್ತದೆ. 2014ರ ನಂತರದ ಅಂದಾಜುಗಳು ಎರಡೂವರೆ ಲಕ್ಷಕ್ಕೂ ಕೆಳಗೆ. ನಡುವೆ ನಡೆದದ್ದು ಹೀಗೆ: 2004ರ ಆಗಸ್ಟ್ 1ರ ಭಾನುವಾರ ಬಾಗ್ದಾದ್ ಮತ್ತು ಮೊಸೂಲಿನ ದೇವಾಲಯಗಳ ಮೇಲೆ ಒಂದೇ ಸಂಜೆ ಬಾಂಬು ದಾಳಿ. 2007ರ ಜೂನಿನಲ್ಲಿ ಮೊಸೂಲಿನಲ್ಲಿ ಯುವ ಗುರು ರಘೀದ್ ಗನ್ನಿ ಆರಾಧನೆ ಮುಗಿಸಿ ಹೊರಟಾಗ ಗುಂಡಿಗೆ ಬಲಿ. 2008ರ ಫೆಬ್ರವರಿ 29ರಂದು ಅಲ್ಲಿಯ ಕಲ್ದಾಯ ಆರ್ಚ್‌ಬಿಷಪ್ ಪೌಲೋಸ್ ಫರಾಜ್ ರಹ್ಹೋ ಅಪಹರಣ. ಎರಡು ವಾರಗಳ ಮೇಲೆ ಶವವಾಗಿ ಸಿಕ್ಕರು. 2010ರ ಅಕ್ಟೋಬರ್ 31ರಂದು ಬಾಗ್ದಾದಿನ ರಕ್ಷಣಾ ಮಾತೆಯ ದೇವಾಲಯದಲ್ಲಿ ಆರಾಧನೆಯ ನಡುವೆ 50ಕ್ಕೂ ಹೆಚ್ಚು ಜನರ ಸಾವು, ಇಬ್ಬರು ಗುರುಗಳೂ ಸೇರಿ. 2014ರ ಬೇಸಿಗೆಯಲ್ಲಿ ಐಸಿಸ್ ಪಡೆಗಳು ಮೊಸೂಲನ್ನೂ ನಿನವೆಯ ಬಯಲನ್ನೂ ಹಿಡಿದಾಗ, ಶತಮಾನಗಳಿಂದ ಅಲ್ಲಿ ನಡೆದಿದ್ದ ಆರಾಧನೆ ನಿಂತುಹೋಯಿತು.

ಯುದ್ಧದಿಂದ ಹುಟ್ಟುವ ಕೇಡು ನಿವಾರಿಸಬೇಕಾದ ಕೇಡಿಗಿಂತ ದೊಡ್ಡದಾಗಬಾರದೆಂಬುದು ಆ 2309ನೆಯ ಪರಿಚ್ಛೇದದ ನಿಬಂಧನೆಗಳಲ್ಲೊಂದು. ಸದ್ದಾಂ ಹುಸೇನನ ಆಳ್ವಿಕೆ ಕ್ರೂರವಾಗಿತ್ತು. ಕುರ್ದರಿಗೂ ಶಿಯಾ ಜನರಿಗೂ ಅವನು ಮಾಡಿದ್ದನ್ನು ಮರೆಯುವ ಹಕ್ಕು ಯುದ್ಧವಿರೋಧಿಗಳಿಗೂ ಇಲ್ಲ. ಆದರೆ ಈ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನು ಬೀಳಬಹುದೆಂದು ಮುಂಚಿತವಾಗಿ ಹೇಳಬಲ್ಲವರು ನಿನವೆಯ ಬಯಲಿನ ಪಾಲಕರೇ ಆಗಿದ್ದರು. ಅವರ ಸಾಕ್ಷ್ಯವನ್ನು ವಾಷಿಂಗ್ಟನ್ನಿನ ಆ ಚರ್ಚೆ ತನ್ನ ಕೇಂದ್ರಕ್ಕೆ ಕರೆಯಲಿಲ್ಲ.

2021ರ ಮಾರ್ಚ್ 7ರಂದು ಪೋಪ್ ಫ್ರಾನ್ಸಿಸ್ ಮೊಸೂಲಿನಲ್ಲಿ ಯುದ್ಧದಲ್ಲಿ ಮಡಿದವರಿಗಾಗಿ ಪ್ರಾರ್ಥಿಸಿದರು. ಅವರು ನಿಂತ ಚೌಕದ ಸುತ್ತ ನಾಲ್ಕು ದೇವಾಲಯಗಳು: ಸುರಿಯಾನಿ ಕಥೋಲಿಕ, ಸುರಿಯಾನಿ ಆರ್ಥೊಡಾಕ್ಸ್, ಅರ್ಮೇನಿಯನ್ ಆರ್ಥೊಡಾಕ್ಸ್, ಕಲ್ದಾಯ. ನಾಲ್ಕೂ ಪಾಳುಬಿದ್ದಿದ್ದವು.